ಕಿವಿಯಲ್ಲಿ ಹಕ್ಕಿ ನೋಡುತ್ತಿದ್ದ ಯಜಮಾನರು

ಇಲ್ಲ ಅಂದರೆ ಇಲ್ಲ. ನಮ್ಮ ಹಕ್ಕಿ ನೋಡುವ ಗುಂಪಿನ ಯಜಮಾನರು ಕಣ್ಣು ಮುಚ್ಚಿ, ತಲೆಯನ್ನು ಕೊಂಚ ಎಡಕ್ಕೆ ವಾಲಿಸಿ, ಒಂದು ಗಳಿಗೆ ಕೇಳಿಸಿಕೊಂಡು "ಈ ಮರದಲ್ಲಿ ಅದಿಲ್ಲ" ಅಂದರೆ ಅಲ್ಲಿಗೆ ಮಾತು ಮುಗಿಯಿತು. ದೊಡ್ಡ ದೊಡ್ಡ ದುರ್ಬೀನು ಕೊರಳಿಗೆ ನೇತು ಹಾಕಿಕೊಂಡು ಬಂದವರೂ ಎದುರಾಡದೆ ಮುಂದಿನ ಮರಕ್ಕೆ ಹೆಜ್ಜೆ ಹಾಕುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ಚಾಮರಾಜಪೇಟೆಯ ಮನೆಯಲ್ಲಿ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನೋಡಲು ಬಂದವರೆಲ್ಲ, ಪುಣ್ಯವಂತರು, ನರಳಲಿಲ್ಲ ಅಂದರು. ನಾನು ಸುಮ್ಮನೆ ತಲೆಯಾಡಿಸಿದೆ. ಅವರು ನರಳಿದ್ದನ್ನು ಕಂಡವರು ಅಲ್ಲಿ ಹೆಚ್ಚು ಜನ ಇರಲಿಲ್ಲ. ಪ್ರಾಣಕ್ಕಿಂತ ಎಷ್ಟೋ ಮೊದಲೇ ಅವರ ಕಿವಿ ಹೋಗಿತ್ತು. ಕಿವಿ ಹೋದ ಹಿರಿಯರು ನಮ್ಮ ಪೇಟೆಯಲ್ಲಿ ಬೇಕಾದಷ್ಟಿದ್ದಾರೆ. ಟಿವಿ ಜೋರಾಗಿ ಹಾಕಿಕೊಂಡು, ಸೊಸೆ ಗೊಣಗಿದ್ದು ಕೇಳಿಸದೆ, ನೆಮ್ಮದಿಯಾಗಿಯೇ ಇದ್ದಾರೆ. ಆದರೆ ಈ ಯಜಮಾನರು ಕಿವಿಯೊಂದನ್ನೇ ನಂಬಿ ಬದುಕಿದವರು. ಹಕ್ಕಿಗಳನ್ನು ಅವರು ನೋಡಿದ್ದೆಲ್ಲ ಕಿವಿಯಲ್ಲಿ.

ನನಗೆ ಅವರ ಪರಿಚಯವಾದದ್ದು ಸುಲ್ತಾನ್‌ಪೇಟೆಯಲ್ಲಿ, ತಂಗಿಯ ಮಗಳ ಮದುವೆಯ ಕಾರ್ಡು ಮಾಡಿಸಲು ಹೋದಾಗ. ಆ ಬೀದಿಯಲ್ಲಿ ಎಡಕ್ಕೆ ತಿರುಗಿದರೆ ಲಗ್ನಪತ್ರಿಕೆ, ಬಲಕ್ಕೆ ತಿರುಗಿದರೆ ಲಗ್ನಪತ್ರಿಕೆ. ಅವರದು ಕಿರಿದಾದ ಅಂಗಡಿ. ಮುಂದೆ ಗಲ್ಲಾ, ಹಿಂದೆ ಅಚ್ಚಿನ ಯಂತ್ರ. ಅದು ಧಡಕ್ ಧಡಕ್ ಎಂದು ಬಡಿದುಕೊಳ್ಳುತ್ತಿತ್ತು. ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಸೋಡಾ ಬಾಟಲಿಯ ತಳದಂಥ ಕನ್ನಡಕ ತೊಟ್ಟು ಅವರು ಕೂತಿದ್ದರು. ನಾನು ಹುಡುಗನ ಕಡೆಯವರ ಹೆಸರು ಬರೆಸುತ್ತಿದ್ದೆ. ಇದ್ದಕ್ಕಿದ್ದಂತೆ ಅವರು ಕೈಯೆತ್ತಿ ಹಿಂದಕ್ಕೆ ಕೂಗಿದರು.

"ಏಯ್, ಮಿಷಿನ್ ನಿಲ್ಸಪ್ಪ ಒಂದ್ನಿಮಿಷ!"

ಯಂತ್ರ ನಿಂತಿತು. ಬೀದಿಯ ಹಾರ್ನು, ಕೈಗಾಡಿಯವನ ಕೂಗು ಎಲ್ಲ ಹಾಗೇ ಇತ್ತು. ಅದರ ನಡುವೆ, ಎಲ್ಲೋ ದೂರದಲ್ಲಿ, ತಾಮ್ರದ ತಂಬಿಗೆಯನ್ನು ಸಣ್ಣ ಸುತ್ತಿಗೆಯಲ್ಲಿ ಕುಟ್ಟಿದ ಹಾಗೆ ಟುಕ್ ಟುಕ್ ಟುಕ್.

"ಕೇಳಿಸ್ತಾ ಮೇಡಮ್ಮೋರೆ? ಕಂಚುಗಾರ ಹಕ್ಕಿ. ಹಿಂದ್ಗಡೆ ಅರಳಿಮರ ಹಣ್ಣು ಬಿಟ್ಟದೆ, ಅದಕ್ಕೇ ಬಂದವ್ನೆ. ನಿಮ್ಮ ಹುಡುಗಿ ಮದ್ವೆ ಎಲ್ಲೂ ಓಡೋಗಲ್ಲ, ಒಂದ್ನಿಮಿಷ ಕೇಳಿ."

ಮಿಷಿನ್ನಿನ ಆ ಗದ್ದಲದಲ್ಲೂ ಅವರಿಗೆ ಅದು ಕೇಳಿಸಿತ್ತು! ನಾನು ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ಜೀವಮಾನವೆಲ್ಲ ಗದ್ದಲದ ನಡುವೆ ಕೂತವಳು. ನನಗೆ ಒಂದು ಹಕ್ಕಿಯೂ ಕೇಳಿಸಿರಲಿಲ್ಲ. ಮುಂದಿನ ಭಾನುವಾರ ಬಸವನಗುಡಿಯ ಬ್ಯೂಗಲ್ ರಾಕ್ ಹತ್ತಿರ ಬನ್ನಿ ಅಂದರು. ಹೋದೆ. ಆಮೇಲೆ ಬಿಟ್ಟದ್ದಿಲ್ಲ.

ಅವರ ಗುಂಪಿಗೆ ಒಂದು ಕಟ್ಟಳೆ ಇತ್ತು. ಬಂದ ಕೂಡಲೆ ಎಲ್ಲರೂ ಬಂಡೆಯ ಮೇಲೆ ಕಣ್ಣು ಮುಚ್ಚಿ ಕೂರಬೇಕು. ದುರ್ಬೀನು ಚೀಲದಿಂದ ಆಚೆ ಬರಕೂಡದು. ಯಾವ ಹಕ್ಕಿ ಯಾವ ದಿಕ್ಕಿನಲ್ಲಿದೆ ಎಂದು ಕಿವಿಗೆ ಗೊತ್ತಾದ ಮೇಲೆಯೇ ಕಣ್ಣು ತೆರೆಯಲು ಅಪ್ಪಣೆ. "ಮೊದಲು ಕಿವಿ ತುಂಬ್ಲಿ, ಆಮೇಲೆ ಕಣ್ಣು" ಅನ್ನುತ್ತಿದ್ದರು. ಒಮ್ಮೆ ಹೀಗೆ ಕೂತಿದ್ದಾಗ ಹೊಸಬರೊಬ್ಬರು ಗೊರಕೆ ಹೊಡೆದರು. ಯಜಮಾನರು ಕಣ್ಣು ತೆರೆಯದೆ, "ಇದು ಜಯನಗರದ ಹಕ್ಕಿ. ಬೆಳಗ್ಗೇನೇ ಎರಡು ಮಸಾಲೆ ದೋಸೆ ತಿಂದದೆ. ಎಬ್ಬಿಸ್ಬೇಡಿ, ಹಾರೋಗುತ್ತೆ" ಅಂದರು. ಮೇಲೆ ಮರದಲ್ಲಿ ನೇತಾಡುತ್ತಿದ್ದ ಬಾವಲಿಗಳೂ ಬೆಚ್ಚಿಬೀಳುವ ಹಾಗೆ ನಕ್ಕೆವು.

ಅವರಿಗೆ ಹುಟ್ಟಿನಿಂದಲೂ ಕಣ್ಣು ಮಂದ. ಮಾಗಡಿ ಕಡೆಯ ರೈತರ ಮನೆ. ರಾಗಿ ತೆನೆಗಟ್ಟುವ ಕಾಲಕ್ಕೆ ಹಕ್ಕಿ ಓಡಿಸಲು ಚಿಕ್ಕಂದಿನಲ್ಲಿ ಅವರನ್ನು ಹೊಲದಲ್ಲಿ ಕೂರಿಸುತ್ತಿದ್ದರಂತೆ. "ನಂಗೆ ಕಾಣ್ಸಿದ್ರೆ ತಾನೆ ಓಡ್ಸೋದು? ಕಿವಿ ಕೊಟ್ಟು, ಶಬ್ದ ಬಂದ ಕಡೆ ಕಲ್ಲು ಬೀಸ್ತಿದ್ದೆ. ಒಂದ್ಸಲ ನಮ್ಮಪ್ಪನ ಬೆನ್ನಿಗೇ ಬಿತ್ತು. ಅವರು ಬೀಡಿ ಕಚ್ಕೊಂಡು ಸಿಳ್ಳೆ ಹಾಕ್ತಿದ್ರು, ನಾನು ಗೊರವಂಕ ಅನ್ಕೊಂಡೆ."

ಅವರ ಜೊತೆ ತಿರುಗಿದ ಜಾಗಗಳನ್ನು ಈಗ ನೆನೆದರೆ ನನಗೂ ಶಬ್ದವೇ ಮೊದಲು ಬರುತ್ತದೆ. ಟೆಂಪೋದಲ್ಲಿ ಕಣ್ಣು ಮುಚ್ಚಿ ಕೂತು, ಎಲ್ಲಿಗೆ ಬಂದೆವು ಎಂದು ಅವರು ಹೇಳಿಬಿಡುತ್ತಿದ್ದರು. ಸಾವನದುರ್ಗದ ತಪ್ಪಲಿನ ಕುರುಚಲು ಕಾಡಿನಲ್ಲಿ ಪಿಕಳಾರಗಳ ಜಗಳ. ಚಳಿಗಾಲದ ನಂದಿಬೆಟ್ಟದಲ್ಲಿ, ಮಂಜಿನ ಒಳಗೆ ನೆಲದ ಹಕ್ಕಿಗಳು ತರಗೆಲೆ ಮಗುಚುವ ಸದ್ದು. ಕೊಕ್ಕರೆಬೆಳ್ಳೂರಿನ ಹುಣಸೆಮರಗಳ ಕೆಳಗೆ ನಿಂತರೆ ಮಾತಾಡಿದ್ದು ಕೇಳಿಸದು. "ಬೀಗರ ಊಟದ ಪಂಕ್ತಿ ಇದು, ಸಾರು ಬರ್ಲಿಲ್ಲ ಅಂತ ಗಲಾಟೆ" ಎನ್ನುತ್ತಿದ್ದರು. ಲಗ್ನಪತ್ರಿಕೆಯ ಭಾಷೆ ಅವರ ನಾಲಿಗೆಯ ಮೇಲೇ ಇತ್ತು. ಚಳಿಗಾಲಕ್ಕೆ ದೂರದಿಂದ ಬರುವ ಬಾತುಗಳು ಕೆರೆಯಲ್ಲಿ ಇಳಿದರೆ, "ಉತ್ತರದ ಬೀಗರು ಸಕುಟುಂಬ ಸಪರಿವಾರ ದಯಮಾಡಿಸಿದಾರೆ. ಆಶೀರ್ವಾದವೇ ಉಡುಗೊರೆ, ಯಾರೂ ಕಲ್ಲು ಹೊಡೀಬೇಡಿ" ಎಂದು ಕೈಮುಗಿಯುತ್ತಿದ್ದರು.

ಇಷ್ಟು ಸೊಗಸಾಗಿದ್ದ ಮನುಷ್ಯ ಒಂದು ಭಾನುವಾರ ಬಂಡೆಯ ಮೇಲೆ ಕಣ್ಣು ಮುಚ್ಚಿ ಕೂತವರು ಎಷ್ಟು ಹೊತ್ತಾದರೂ ತೆರೆಯಲಿಲ್ಲ. ನಾವೆಲ್ಲ ಎದ್ದು ಕಾಲು ಕೊಡವಿಕೊಂಡೆವು. ಅವರು ಮಾತ್ರ ಹಣೆ ಗಂಟಿಕ್ಕಿಕೊಂಡು, ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸುತ್ತಿದ್ದರು.

"ಬದನಿಕೆ ಹಕ್ಕಿ ಇಲ್ಲ" ಅಂದರು.

ಬದನಿಕೆ ಹಕ್ಕಿ ಅಂದರೆ ಹೆಬ್ಬೆರಳಿನಷ್ಟು ದೊಡ್ಡದೂ ಅಲ್ಲದ, ಬೂದು ಬಣ್ಣದ ಒಂದು ಚೂರು ಜೀವ. ನೋಡಲು ಏನೂ ಇಲ್ಲ. ನಮ್ಮ ಬೀದಿಗಳ ಗಸಗಸೆ ಹಣ್ಣಿನ ಮರಗಳಲ್ಲಿ ಇಡೀ ದಿನ ಓಡಾಡಿಕೊಂಡು, ಸೂಜಿಯಿಂದ ಗಾಜು ಚುಚ್ಚಿದ ಹಾಗೆ ಚಿಕ್ ಚಿಕ್ ಚಿಕ್ ಎನ್ನುತ್ತಿರುತ್ತದೆ. ಅದೆಂದರೆ ಅವರಿಗೆ ವಿಪರೀತ ಪ್ರೀತಿ. ಕಣ್ಣಿದ್ದವರಿಗೂ ಕಾಣದ ಹಕ್ಕಿ, ಕಣ್ಣಿಲ್ಲದ ತನಗೆ ಸಿಗುತ್ತದಲ್ಲ ಎಂಬ ಹೆಮ್ಮೆಯೂ ಇರಬೇಕು.

ಅದು ಅಲ್ಲೇ ಕೂಗುತ್ತಿತ್ತು. ನನಗೆ ಕೇಳಿಸುತ್ತಿತ್ತು.

"ಯಜಮಾನ್ರೆ, ಅಗೋ ಆ ಕಡೆಯಿಂದ..." ಎಂದೆ.

"ಅದು ಅಳಿಲು, ಮೇಡಮ್ಮೋರೆ."

ಅಳಿಲಿನ ಕೂಗು ಯಾವುದು, ಹಕ್ಕಿಯ ಕೂಗು ಯಾವುದು ಎಂದು ನನಗೆ ಕಲಿಸಿದ್ದೇ ಅವರು. ಅವರು ಅಳಿಲು ಅಂದ ಮೇಲೆ ಅದು ಅಳಿಲೇ. ನನ್ನ ಕಿವಿಯನ್ನೇ ಅನುಮಾನಿಸಿಕೊಂಡು ಕಾಫಿಗೆ ಹೊರಟೆ. ಗುಂಪಿನಲ್ಲಿ ಎಲ್ಲರಿಗೂ ಹಾಗೇ ಆಯಿತಂತೆ. ಯಾರೂ ಬಾಯಿ ಬಿಡಲಿಲ್ಲ.

ಅವರು ಕಂಗಾಲಾದರು. ಕೊಂಬೆ ಕಡಿದದ್ದರಿಂದ ಹೋಯಿತು ಎಂದರು, ಹೊಗೆಯಿಂದ ಹೋಯಿತು ಎಂದರು. ಕೊನೆಗೆ ತಮ್ಮ ಅಂಗಡಿಯಲ್ಲೇ ಒಂದು ಚೀಟಿ ಅಚ್ಚು ಹಾಕಿಸಿ ಬಸವನಗುಡಿಯಿಂದ ಚಾಮರಾಜಪೇಟೆಯವರೆಗೆ ಕಂಬಕಂಬಕ್ಕೂ ಅಂಟಿಸಿದರು. ಮೇಲೆ ಗಣಪತಿ. ಕೆಳಗೆ ಕೆಂಪಕ್ಷರದಲ್ಲಿ 'ಕಾಣೆಯಾಗಿದೆ'. ಬದನಿಕೆ ಹಕ್ಕಿ, ಹೆಬ್ಬೆರಳಿಗಿಂತ ಚಿಕ್ಕದು, ಚಿಕ್ ಚಿಕ್ ಎಂದು ಕೂಗುವುದು, ಕೇಳಿದವರು ದಯಮಾಡಿ ಬಂದು ತಿಳಿಸಬೇಕಾಗಿ ವಿನಂತಿ. ಅಂಗಡಿಯಿಂದ ಹೊರಡುವ ಯಾವ ಕಾಗದವನ್ನೂ ಮೂಲೆಗೆ ಅರಿಶಿನ ಹಚ್ಚದೆ ಕೊಡುವ ಅಭ್ಯಾಸ ಅವರಿಗಿರಲಿಲ್ಲ. ಇದಕ್ಕೂ ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ್ದರು. ಜನ ದೂರದಿಂದ ನೋಡಿ ಯಾರದೋ ಮದುವೆ ಎಂದುಕೊಂಡು ಹತ್ತಿರ ಬಂದು ಓದಿದರು. ಒಬ್ಬಾಕೆ ಪಂಜರದಲ್ಲಿ ಗಿಣಿ ತಂದು, "ಇದೇನಾ ನೋಡಿ ಸಾರ್" ಎಂದಳು. ಕಾಲೇಜಿನವರು ಮೊಬೈಲಿನಲ್ಲಿ ಚಿತ್ರ ತೆಗೆದು ಊರಿಗೆಲ್ಲ ಹಂಚಿ ನಕ್ಕರು. ಅವರು ಯಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ.

ಇಲ್ಲಿ ಇಲ್ಲವಾದರೆ ಬೇರೆಲ್ಲಾದರೂ ಇರಬೇಕಲ್ಲ ಎಂದು ಹುಡುಕಲು ಹೊರಟರು. ನಾವೂ ಜೊತೆಗೆ ಹೋದೆವು. ಮೊದಲು ಸಾವನದುರ್ಗದ ತಪ್ಪಲು. ಬಂಡೆಯ ಮೇಲೆ ಕೂತರು, ಕಣ್ಣು ಮುಚ್ಚಿದರು, ಎದ್ದರು. "ಇಲ್ಲೂ ಇಲ್ಲ." ಮುಂದಿನ ವಾರ ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಂಡೆಯ ಮಾವಿನ ತೋಪು. ಹಣ್ಣಿದೆ, ನೆರಳಿದೆ, ನೀರಿದೆ. "ಇಲ್ಲೂ ಇಲ್ಲ." ಅದರ ಮುಂದಿನ ವಾರ ನಂದಿಬೆಟ್ಟ. ಎಲ್ಲ ಕಡೆಯೂ ಆ ಹಕ್ಕಿ ನಮ್ಮ ನೆತ್ತಿಯ ಮೇಲೇ ಸೂಜಿ ಚುಚ್ಚುತ್ತಿತ್ತು. ಎಲ್ಲ ಕಡೆಯೂ ಅವರು ಅದನ್ನು ಅಳಿಲು ಅನ್ನುತ್ತಿದ್ದರು, ಇಲ್ಲವೆ ನಿಮಗೆ ಭ್ರಮೆ ಅನ್ನುತ್ತಿದ್ದರು. ವಾಪಸು ಬರುವಾಗ ಟೆಂಪೋದಲ್ಲಿ ನನ್ನ ಕಡೆ ತಿರುಗಿ ಕೇಳಿದರು.

"ಇಡೀ ಜಾತಿಗೆ ಜಾತೀನೇ ಒಂದೇ ವರ್ಷದಲ್ಲಿ ಹೆಂಗೆ ಹೋಗುತ್ತೆ ಮೇಡಮ್ಮೋರೆ? ಕಾಡಲ್ಲೂ ಇಲ್ಲ, ತೋಪಲ್ಲೂ ಇಲ್ಲ, ಬೆಟ್ಟದಲ್ಲೂ ಇಲ್ಲ. ಏನೋ ದೊಡ್ಡದು ಆಗೋಗಿದೆ. ಯಾರಿಗೂ ಗೊತ್ತಾಗ್ತಾ ಇಲ್ಲ."

ನಂದಿಯ ತಪ್ಪಲಿನಲ್ಲಿ ತಿಂಡಿಗೆ ನಿಲ್ಲಿಸಿದಾಗ ಅವರು ಇಡ್ಲಿಯನ್ನು ಮುರಿದು ತಟ್ಟೆಯಲ್ಲೇ ಬಿಟ್ಟು ಎದ್ದಿದ್ದರು.

ಗುಂಪಿನಲ್ಲಿ ಪಲ್ಲವಿ ಎಂಬ ಹುಡುಗಿ ಇದ್ದಳು. ಮಲ್ಲೇಶ್ವರದವಳು, ನೇರ ಮಾತು. ಅವಳ ಫೋನಿನಲ್ಲಿ ಹಕ್ಕಿಯ ಕೂಗು ಕೇಳಿ ಹೆಸರು ತೋರಿಸುವ ಆ್ಯಪ್ ಇತ್ತು. ಆ ದಿನ ಇಳಿಯುವ ಮೊದಲು ಅವಳು ಫೋನನ್ನು ಅವರ ಕನ್ನಡಕದ ಹತ್ತಿರ ಹಿಡಿದಳು. ಬೆಟ್ಟದಲ್ಲಿ ಕೂತಿದ್ದಷ್ಟು ಹೊತ್ತೂ ಅದು ಬದನಿಕೆ ಹಕ್ಕಿಯ ಚಿತ್ರವನ್ನು ಮತ್ತೆ ಮತ್ತೆ ತೋರಿಸಿತ್ತು.

"ಅಂಕಲ್, ನೋಡಿ. ಇದೆ. ಕೂಗ್ತಾನೇ ಇತ್ತು."

"ಫೋನಿಗೆ ಕೇಳ್ಸೋದು ನಂಗೆ ಕೇಳ್ಸಲ್ವೇನಮ್ಮ?" ಅವರು ಎಂದೂ ಹಾಗೆ ದನಿ ಎತ್ತಿದವರಲ್ಲ. "ಹುಟ್ಟಿದಾಗಿಂದ ಈ ಕೆಲಸ ಮಾಡ್ತಿದೀನಿ. ಆ ಡಬ್ಬಕ್ಕೆ ಬುದ್ಧಿ ಇದ್ಯಾ? ಇಳಿ, ಇಳಿ, ನಿಮ್ಮನೆ ಬಂತು."

ಯಜಮಾನರ ಮನೆಯ ಗೇಟಿನ ಪಕ್ಕದಲ್ಲೇ ಒಂದು ಗಸಗಸೆ ಹಣ್ಣಿನ ಮರ. ಅದಾದ ಕೆಲವು ದಿನಕ್ಕೆ, ಹಬ್ಬದ ಹೋಳಿಗೆ ಕೊಡೋಣವೆಂದು ನಾನು ಅಲ್ಲಿಗೆ ಹೋಗಿದ್ದೆ. ಯಜಮಾನರು ಜಗಲಿಯ ಮೇಲೆ ಕೂತಿದ್ದರು. ಅವರ ಹೆಂಡತಿ, ನಾನು ಅಕ್ಕ ಎಂದೇ ಕರೆಯುತ್ತಿದ್ದವರು, ನನಗೆ ಕಾಫಿ ತಂದು ಕೊಟ್ಟು ಬಾಗಿಲಿಗೆ ಒರಗಿ ನಿಂತರು. ಮರದ ಒಂದು ಕೊಂಬೆ ಜಗಲಿಯವರೆಗೂ ಚಾಚಿತ್ತು. ಆ ಕೊಂಬೆಗೆ, ಅವರ ಮುಖಕ್ಕೆ ಒಂದು ಮೊಳ ದೂರದಲ್ಲಿ, ಬದನಿಕೆ ಹಕ್ಕಿ ಬಂದು ಕೂತಿತು.

ಅಷ್ಟು ಹತ್ತಿರವಾದ್ದರಿಂದ ಅವರಿಗೆ ಕಂಡಿತು. ಮುಖ ಅರಳಿತು. ಉಸಿರು ಬಿಗಿಹಿಡಿದು ನನ್ನ ಕಡೆ ಬೆರಳಿನಲ್ಲಿ ಸನ್ನೆ ಮಾಡಿದರು, ಅಲ್ಲಾಡಬೇಡಿ ಎಂದು. ಹಕ್ಕಿ ಒಂದು ಹಣ್ಣು ಕುಕ್ಕಿತು. ಕತ್ತೆತ್ತಿ ಕೂಗಿತು. ಚಿಕ್. ಚಿಕ್. ಚಿಕ್.

ಅವರ ಬೆರಳು ಗಾಳಿಯಲ್ಲೇ ನಿಂತುಬಿಟ್ಟಿತು. ಕೊಕ್ಕು ತೆರೆಯುತ್ತಿದೆ, ಮುಚ್ಚುತ್ತಿದೆ. ಅವರು ಆ ಕೊಕ್ಕನ್ನೇ ನೋಡುತ್ತಿದ್ದಾರೆ. ಹಕ್ಕಿ ಹಾರಿಹೋಯಿತು. ಅವರು ಹಾಗೇ ಕೂತಿದ್ದರು.

"ಇದು ಕೂಗ್ತಾ?" ಎಂದು ಕೇಳಿದರು. ನನ್ನನ್ನಲ್ಲ, ಹೆಂಡತಿಯನ್ನು.

"ಕೂಗ್ದೆ ಏನು? ಬೆಳಗಾದ್ರೆ ಸಾಕು, ಚಿಕ್ ಚಿಕ್ ಅಂತ ತಲೆ ತಿನ್ನುತ್ತೆ ಮುಂಡೇದು."

"ಯಾವಾಗಿಂದ?"

"ಯಾವಾಗಿಂದ ಅಂದ್ರೆ ಏನ್ರೀ? ಯಾವಾಗ್ಲೂ."

ಅಕ್ಕನಿಗೆ ಹಕ್ಕಿಗಳ ಹೆಸರು ಗೊತ್ತಿರಲಿಲ್ಲ. ಗಂಡ ಊರೆಲ್ಲ ಚೀಟಿ ಅಂಟಿಸಿ ಹುಡುಕುತ್ತಿದ್ದದ್ದು ಇದೇ ಎಂದು ಅವರಿಗೆ ಹೊಳೆಯುವುದಾದರೂ ಹೇಗೆ? ಯಜಮಾನರು ಎದ್ದು ಒಳಗೆ ಹೋದರು. ಹೋಳಿಗೆ ಡಬ್ಬಿ ಜಗಲಿಯ ಮೇಲೇ ಉಳಿಯಿತು. ಒಳಗಿನಿಂದ ಅವರು ನಾಲಿಗೆ ಲೊಟ್ಟೆ ಹೊಡೆಯುವುದು, ಬೆರಳು ಚಿಟಿಕೆ ಹಾಕುವುದು, ಚಮಚದಿಂದ ಲೋಟ ತಟ್ಟುವುದು ಕೇಳಿಸಿತು. ಏನು ಕೇಳಿಸುತ್ತದೆ, ಏನು ಇಲ್ಲ ಎಂದು ಅವರು ತಮ್ಮನ್ನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು.

ಮಾರನೆಯ ದಿನ ಬಸವನಗುಡಿಯ ರಸ್ತೆಯಲ್ಲಿ ಅವರನ್ನು ಕಂಡೆ. ಒದ್ದೆ ಬಟ್ಟೆ ಹಿಡಿದು ಕಂಬದ ಮೇಲಿನ ಚೀಟಿಗಳನ್ನು ಉಗುರಿನಿಂದ ಕೆರೆದು ಕೀಳುತ್ತಿದ್ದರು. ಗೋಂದು ಚೆನ್ನಾಗಿ ಹಿಡಿದಿತ್ತು. ಗಣಪತಿ ಬಿಟ್ಟುಕೊಂಡ, 'ಕಾಣೆಯಾಗಿದೆ' ಬಿಡಲಿಲ್ಲ. ನಾನೂ ಕೈ ಹಾಕಲು ಹೋದೆ. "ಬೇಡಿ ಮೇಡಮ್ಮೋರೆ. ನೀವ್ ಹೋಗಿ" ಎಂದರು, ನನ್ನ ಮುಖ ನೋಡದೆ.

ಕಿವಿ ಪರೀಕ್ಷೆಗೆ ಅಕ್ಕ ನನ್ನನ್ನೂ ಕರೆದುಕೊಂಡು ಹೋದರು. ಗಾಜಿನ ಕೋಣೆಯೊಳಗೆ ಅವರನ್ನು ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಶಬ್ದ ಕೇಳಿಸಿದಾಗಲೆಲ್ಲ ಒತ್ತಬೇಕು. ನಾವು ಹೊರಗಿನಿಂದ ನೋಡುತ್ತಿದ್ದೆವು. ಅವರು ಕಣ್ಣು ಮುಚ್ಚಿದರು. ತಲೆ ಎಡಕ್ಕೆ ವಾಲಿತು. ಒತ್ತಿದರು, ಮತ್ತೆ ಒತ್ತಿದರು, ಬೇಗ ಬೇಗ ಒತ್ತತೊಡಗಿದರು. ಅಕ್ಕ ನನ್ನ ಕೈ ಹಿಡಿದು, "ನೋಡಿ, ಎಲ್ಲ ಕೇಳಿಸ್ತಿದೆ" ಅಂದರು.

ಪರೀಕ್ಷೆ ಮಾಡುತ್ತಿದ್ದ ಹೆಣ್ಣುಮಗಳು ಬಾಗಿಲು ತೆರೆದು ಮೆಲ್ಲಗೆ ಹೇಳಿದಳು. "ಸಾರ್, ಈಗ ನಾನು ಯಾವ ಶಬ್ದಾನೂ ಹಾಕಿಲ್ಲ."

ಯಜಮಾನರು ಗುಂಡಿಯಿಂದ ಬೆರಳು ತೆಗೆಯಲಿಲ್ಲ. "ಇನ್ನೊಂದ್ಸಲ ಮಾಡಿ ತಾಯಿ. ಈಗ ಸರಿಯಾಗಿ ಮಾಡ್ತೀನಿ" ಎಂದರು.

ವಯಸ್ಸಿನ ಜೊತೆಗೆ ಅಚ್ಚಿನ ಯಂತ್ರದ ಸದ್ದೂ ಸೇರಿ ಹೀಗಾಗಿದೆ, ಮೇಲಿನ ಸ್ಥಾಯಿಯ ಸಣ್ಣ ದನಿಗಳು ಮೊದಲು ಹೋಗಿವೆ, ಉಳಿದವೂ ನಿಧಾನಕ್ಕೆ ಹೋಗಬಹುದು ಎಂದು ವೈದ್ಯರು ವಿವರಿಸಿದರು. ವಾಪಸು ಬರುವಾಗ ಆಟೋ ಬಿನ್ನಿಪೇಟೆಯ ಹತ್ತಿರ ಸಿಗ್ನಲ್ಲಿನಲ್ಲಿ ನಿಂತಾಗ ಯಜಮಾನರು ಅಂದರು. "ಊರವರ ಮದ್ವೆಯೆಲ್ಲ ಮಾಡಿಸ್ತು ಆ ಮಿಷಿನ್ನು. ನನ್ನ ಕಿವಿಗೆ ತಿಥಿ ಮಾಡ್ತು."

ಯಂತ್ರವನ್ನು ಗುಜರಿಯವರಿಗೆ ಕೊಟ್ಟುಬಿಟ್ಟರು. ಒಯ್ಯಲು ಬಂದ ದಿನ ಅದನ್ನು ಕೊನೆಯ ಸಲ ಓಡಿಸಿ ಎಂದು ಕೇಳಿ, ಬಗ್ಗಿ ಅದರ ಹತ್ತಿರಕ್ಕೆ ಕಿವಿ ಒಯ್ದರಂತೆ. ಆಮೇಲೆ ನೆಟ್ಟಗಾಗಿ, "ಇದು ಮಾತ್ರ ಚೆನ್ನಾಗಿ ಕೇಳಿಸುತ್ತೆ" ಅಂದರಂತೆ. ಗುಜರಿಯವರು ಏನೂ ಅರ್ಥವಾಗದೆ ನಕ್ಕರು ಎಂದು ಅಕ್ಕ ಹೇಳಿದರು.

ಕಿವಿಗೆ ಹಾಕುವ ಯಂತ್ರವೂ ಬಂತು. ಅದನ್ನು ಹಾಕಿಕೊಂಡ ಮೊದಲ ಭಾನುವಾರ ಲಾಲ್‌ಬಾಗಿನ ಕೆರೆಯ ಏರಿಗೆ ಬಂದರು. ಮದುವೆ ಗಂಡಿನ ಹಾಗೆ ಬಿಳಿ ಷರ್ಟು, ಹಣೆಗೆ ಕುಂಕುಮ. ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಅವರ ಮುಖ ಹುಳ್ಳಗಾಯಿತು.

"ರಸ್ತೆ ಮೇಲಿನ ಆಟೋ ಎಲ್ಲ ನನ್ನ ತಲೆ ಒಳಗೇ ಓಡ್ತಾ ಇವೆ. ಯಾರೋ ಚಿಪ್ಸ್ ಪೊಟ್ಟಣ ಹರೀತಿದಾರೆ. ಅದ್ಯಾವ್ದು, ಇದ್ಯಾವ್ದು ಒಂದೂ ಗೊತ್ತಾಗ್ತಿಲ್ಲ. ಎಲ್ಲಾನೂ ತಗಡು ಕೆರೆದಂಗೆ."

ಯಾರ ಕೈಯಲ್ಲೂ ಪೊಟ್ಟಣ ಇರಲಿಲ್ಲ. ಮರದ ತುಂಬ, ಹೂವಿನ ಜೇನು ಹೀರುವ ಪುಟ್ಟ ಸೂರಕ್ಕಿಗಳು ಚಿಲಿಪಿಲಿ ಹಚ್ಚಿದ್ದವು.

ಅವರು ಯಂತ್ರ ಕಿತ್ತು ಷರ್ಟಿನ ಜೇಬಿಗೆ ಹಾಕಿಕೊಂಡರು. ಆರಿಸಲು ಮರೆತಿರಬೇಕು, ಅದು ಜೇಬಿನಲ್ಲೇ ಕುಯ್ಯೆಂದು ಸಿಳ್ಳೆ ಹಾಕತೊಡಗಿತು. ಏರಿಯ ಮೇಲೆ ವಾಕಿಂಗ್ ಬಂದವರೆಲ್ಲ ತಿರುಗಿ ನೋಡಿದರು. ಒಂದು ನಾಯಿ ಬೊಗಳಿತು. ಅವರಿಗೆ ಅದೂ ಕೇಳಿಸುತ್ತಿರಲಿಲ್ಲ. ಎಲ್ಲರೂ ತಮ್ಮ ಎದೆಯ ಕಡೆ ಯಾಕೆ ನೋಡುತ್ತಿದ್ದಾರೆ ಎಂದು ಬೆಪ್ಪಾಗಿ ನಿಂತಿದ್ದರು. ಪಲ್ಲವಿ ಹೋಗಿ ಜೇಬಿಗೆ ಕೈ ಹಾಕಿ ಅದನ್ನು ಆರಿಸಿದಳು. ಅವಳ ಕಣ್ಣು ತುಂಬಿತ್ತು. ಅವರು ಅವಳ ತಲೆ ಸವರಿ, "ನಿನ್ನ ಡಬ್ಬಕ್ಕೇ ಬುದ್ಧಿ ಇತ್ತು ಕಣಮ್ಮ" ಅಂದರು.

ಆಮೇಲೆ ಹಕ್ಕಿಗಳ ದನಿಗಳು ಒಂದೊಂದಾಗಿ ಹೋದವು. ಹಾರ್ಮೋನಿಯಮ್ಮಿನ ಮನೆಗಳನ್ನು ಬಲಗಡೆಯಿಂದ ಯಾರೋ ಕೀಳುತ್ತಾ ಬಂದ ಹಾಗೆ. ಬದನಿಕೆ ಹಕ್ಕಿಯ ಹಿಂದೆ ಬೆಳ್ಗಣ್ಣ ಹೋಯಿತು, ಸೂರಕ್ಕಿ ಹೋಯಿತು, ಮಡಿವಾಳ ಹಕ್ಕಿಯ ಹಾಡಿನಲ್ಲಿ ಅರ್ಧ ಹೋಗಿ ಅರ್ಧ ಉಳಿಯಿತು. ಅಕ್ಕ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ಯಾರೋ ಹೇಳಿದರೆಂದು ಯಜಮಾನರು ಓಕಳಿಪುರದ ನಾಟಿ ವೈದ್ಯರೊಬ್ಬರಲ್ಲಿಗೂ ಹೋಗಿ ಬಂದರು. ರೈಲು ದಾರಿಯ ಪಕ್ಕದ ಆ ಮನೆಯಲ್ಲಿ, "ರೈಲು ಕೇಳಿಸ್ತಾ?" ಎಂದು ವೈದ್ಯರು ಕೇಳಿದರಂತೆ, ಕೇಳಿಸುತ್ತೆ ಅಂದಿದ್ದಕ್ಕೆ, "ಹಾಗಾದ್ರೆ ಕಿವಿ ಚೆನ್ನಾಗಿದೆ" ಎಂದು ಕಳಿಸಿದರಂತೆ. ಇದನ್ನು ಹೇಳಿ ತಾವೇ ನಕ್ಕರು. ನಗುತ್ತಲೇ, "ಕೊನೆಗೆ ನಂಗೆ ಕಾಗೆ ಒಂದೇ ಉಳಿಯೋದು. ಪಿಂಡಕ್ಕೆ ಬರೋದು ಅದೇ ತಾನೆ, ಪರಿಚಯ ಇರ್ಲಿ" ಅಂದರು.

ಭಾನುವಾರ ಬರುವುದನ್ನು ನಿಲ್ಲಿಸಿದರು. ಕರೆಯಲು ಹೋದರೆ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದರು. ಅಕ್ಕ ಅಡುಗೆಮನೆಗೆ ನನ್ನನ್ನು ಎಳೆದುಕೊಂಡು ಹೋಗಿ ಪಿಸುಗುಟ್ಟುತ್ತಿದ್ದರು. ಅವರಿಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದರೂ ಪಿಸುಗುಟ್ಟುತ್ತಿದ್ದರು. "ಬೆಳಗ್ಗೆ ಕತ್ತಲಲ್ಲೇ ಎದ್ದು ಗೇಟ್ ಹತ್ರ ಹೋಗಿ ಮರಾನ ತಬ್ಕೊಂಡು, ಕಿವಿ ಒತ್ಕೊಂಡು ನಿಂತ್ಕೋತಾರೆ. ನೋಡಕ್ಕಾಗಲ್ಲ. ನೀವಾದ್ರೂ ಎಲ್ಲಿಗಾದ್ರೂ ಕರ್ಕೊಂಡ್ ಹೋಗಿ."

ಮುಂಗಾರು ಶುರುವಾಗುವ ಹೊತ್ತಿಗೆ ಪಲ್ಲವಿ ಕಾರು ತಂದಳು. ಇಬ್ಬರೂ ಸೇರಿ ಹೊರಡಿಸಿದೆವು. "ನಾನ್ ಬಂದು ಏನ್ ಮಾಡ್ಲಿ? ಕಣ್ಣೂ ಇಲ್ಲ, ಕಿವೀನೂ ಇಲ್ಲ. ಮೂಟೆ ಹೊತ್ಕೊಂಡು ಹೋದಂಗೆ" ಎನ್ನುತ್ತಲೇ ಚಪ್ಪಲಿ ಮೆಟ್ಟಿದರು. ಎಲ್ಲಿಗೆ ಎಂದು ಕೇಳಲಿಲ್ಲ. ಯಶವಂತಪುರ ದಾಟಿ ತುಮಕೂರು ರಸ್ತೆ ಹಿಡಿದಾಗ ಅವರಿಗೆ ಗೊತ್ತಾಗಿರಬೇಕು.

ಹೆಸರಘಟ್ಟದ ಹುಲ್ಲುಗಾವಲು. ಮರವಿಲ್ಲ, ಮನೆಯಿಲ್ಲ. ಮೊಣಕಾಲೆತ್ತರದ ಹುಲ್ಲು, ಮೇಲೆ ಮೋಡದ ಆಕಾಶ. ಈ ಕಾಲದಲ್ಲಿ ಅಲ್ಲಿ ಬಾನಾಡಿಗಳು ಹಾಡುತ್ತವೆ. ನೆಲದಿಂದ ನೆಟ್ಟಗೆ ಮೇಲಕ್ಕೇರಿ, ಒಂದು ಚುಕ್ಕೆಯಾಗಿ, ಅಲ್ಲೇ ರೆಕ್ಕೆ ಬಡಿಯುತ್ತಾ ನಿಂತು, ಕೆಳಗೆ ನಿಂತವರ ಉಸಿರು ಕಟ್ಟುವಷ್ಟು ಹೊತ್ತು ಹಾಡಿ, ಹಾಡು ಮುಗಿದ ಮೇಲೆ ಇಳಿಯುತ್ತವೆ. ನಾವು ನಡೆದು ಹೋಗುತ್ತಿದ್ದ ಹಾಗೇ ಮುಂದೆ ಹುಲ್ಲಿನಿಂದ ಒಂದು ಎದ್ದಿತು.

ನಾನು ನಿಂತೆ. ನಾನು ನಿಂತದ್ದನ್ನು ಕಂಡು ಅವರು ನಿಂತರು.

"ಎದ್ದಿತಾ?"

ತಲೆಯಾಡಿಸಿದೆ.

ಅವರು ಮುಖ ಮೇಲೆತ್ತಿದರು. ಆ ದಪ್ಪ ಕನ್ನಡಕದಲ್ಲಿ ಅಷ್ಟೆತ್ತರದ ಚುಕ್ಕೆ ಕಾಣುವ ಮಾತೇ ಇಲ್ಲ. ಕಣ್ಣು ಮುಚ್ಚಿದರು. ತೆರೆದರು. ಆಕಾಶದಲ್ಲಿ ಅವರ ಪಾಲಿಗೆ ಏನೂ ಇರಲಿಲ್ಲ. ಅಳುತ್ತಾರೇನೋ ಎಂದು ನಾನು ಹೆದರಿದೆ. ಅವರು ಅಳಲಿಲ್ಲ. ನನ್ನ ಮುಂಗೈ ಹಿಡಿದುಕೊಂಡರು.

"ಮೇಡಮ್ಮೋರೆ, ಒಂದು ಉಪಕಾರ ಮಾಡಿ. ಅದು ಹಾಡ್ತಿರೋವರ್ಗೂ ಈ ಕೈನ ಮೇಲಕ್ಕೆ ಹಿಡೀರಿ. ಅದು ಏರಿದ್ರೆ ಏರ್ಸಿ, ಇಳಿದ್ರೆ ಇಳ್ಸಿ. ನಿಲ್ಸಿದಾಗ ಕೈ ಕೆಳಗ್ ಬಿಡಿ. ನಾನು ನಿಮ್ಮ ಕೈ ನೋಡ್ಕೊಂಡಿರ್ತೀನಿ."

ಕೈ ಎತ್ತಿದೆ. ಪಲ್ಲವಿ ನಮ್ಮಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ಬೆನ್ನು ತಿರುಗಿಸಿ ನಿಂತಳು. ಹಕ್ಕಿ ಹಾಡುತ್ತಿತ್ತು. ದನಿ ಏರಿದಾಗ ಬೆರಳು ಮೇಲೆ ಮಾಡಿದೆ, ಅದು ಬಳುಕಿದಾಗ ಅಂಗೈ ಬಳುಕಿಸಿದೆ, ಸಣ್ಣ ಸಣ್ಣದಾಗಿ ಒಡೆದು ಉದುರಿದಾಗ ಬೆರಳುಗಳನ್ನು ಉದುರಿಸಿದೆ. ನನಗೆ ಸಂಗೀತ ಗೊತ್ತಿಲ್ಲ. ತಾಳ ಹಾಕಲೂ ಬಾರದು. ಅವರು ನನ್ನ ಕೈಯಿಂದ ಕಣ್ಣು ಕೀಳಲಿಲ್ಲ. ಅವರ ತುಟಿ ಅಲ್ಲಾಡುತ್ತಿತ್ತು. ಯಾವ ಹಾಡು ಎಂದು ಅವರಿಗೆ ಗೊತ್ತು. ಹಾಡು ಎಲ್ಲಿಗೆ ಬಂತು ಎಂದು ಮಾತ್ರ ನನ್ನ ಕೈ ಹೇಳಬೇಕಾಗಿತ್ತು.

ಅದು ನಿಲ್ಲಿಸಲಿಲ್ಲ. ನನ್ನ ತೋಳು ಸೋಲತೊಡಗಿತು. ವಯಸ್ಸಾದ ಭುಜ, ಮೊದಲೇ ನೋವಿನದು. ತಡೆಯುವಷ್ಟು ತಡೆದೆ. ಕೈ ತಾನಾಗಿಯೇ ಕೆಳಗೆ ಜಾರಿತು.

ಅವರ ಮುಖದ ಬಣ್ಣ ಹೋಯಿತು. "ಮುಗೀತಾ?"

ಇಲ್ಲ ಎಂದು ತಲೆಯಲ್ಲಾಡಿಸಿ, ಭುಜ ಮುಟ್ಟಿ ತೋರಿಸಿದೆ.

ಯಜಮಾನರು ನನ್ನ ಪಕ್ಕಕ್ಕೆ ಬಂದರು. ತಮ್ಮ ಅಂಗೈಯನ್ನು ನನ್ನ ಮೊಣಕೈಯ ಕೆಳಗಿಟ್ಟು ಮೆಲ್ಲಗೆ ಮೇಲಕ್ಕೆತ್ತಿದರು. ಹಕ್ಕಿ ನೆಲ ಮುಟ್ಟುವವರೆಗೂ ಹಾಗೇ ಹಿಡಿದುಕೊಂಡು ನಿಂತಿದ್ದರು.